ಅಪ್ಪನ ಕೆಂಪು ಗೆರೆ

ಮಾರ್ಚ್ 9, ಭಾನುವಾರ

ಇವತ್ತು ಅಜ್ಜಿಯನ್ನು ಆಲೂಗಡ್ಡೆ ಹೊಲದಲ್ಲಿ ಹೊಟ್ಟೆಯ ಮೇಲೆ ಇಳಿಸಿದೆ.

ಬರೆದ ಮೇಲೆ ಓದಿದರೆ ನನಗೇ ನಗು ಬರುತ್ತಿದೆ. ಅಜ್ಜಿ ಅಂದರೆ ನಮ್ಮ ಸಂಗ್ರಹಾಲಯದ ಹಳೇ ಯುದ್ಧವಿಮಾನ. ಒಂದೇ ಸೀಟು, ಒಂದೇ ಎಂಜಿನ್, ವಯಸ್ಸಿನಲ್ಲಿ ಅಪ್ಪನಿಗಿಂತ ದೊಡ್ಡವಳು. ಹಾರಿಸುವವಳು ನಾನು, ರಿಪೇರಿ ಅಣ್ಣನದು, ಅಣ್ಣ ಮಾಡಿದ್ದನ್ನು ಪರೀಕ್ಷೆ ಮಾಡುವುದು ಅಪ್ಪ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ? ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿರುವುದನ್ನೇ ಒಂದೊಂದಾಗಿ ಬರೆದರೆ ತಲೆ ಒಂದು ಕಡೆ ನಿಲ್ಲುತ್ತದೇನೋ ಅಂತ.

ಚಳಿಗಾಲದ ರಿಪೇರಿ ಮುಗಿದ ಮೇಲೆ ಇದು ಎರಡನೇ ಹಾರಾಟ. ಮೇಲೇರಿ ಎಡಕ್ಕೆ ತಿರುಗಿದೆ. ಪೆಟ್ರೋಲ್ ವಾಸನೆ ಬಂತು. ಅಜ್ಜಿಗೆ ಸ್ವಲ್ಪ ವಾಸನೆ ಯಾವಾಗಲೂ ಇರುತ್ತದೆ, ಆದರೆ ಇದು ಮೂಗಿಗೆ ಹೊಡೆಯಿತು. ಎಂಜಿನ್ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಹಾರುವಾಗ ಪ್ರೊಪೆಲ್ಲರಿನ ಅಲಗು ಕಣ್ಣಿಗೆ ಕಾಣಬಾರದು. ಕಂಡಿತು. ನೆಟ್ಟಗೆ ನನ್ನೆದುರೇ ನಿಂತಿತ್ತು, ಅದರ ಮೇಲಿನ ಗೀರು ಕೂಡ ಎಣಿಸಬಹುದಿತ್ತು. ಆಮೇಲೆ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಆ ಸದ್ದು ಈಗಲೂ ಕಿವಿಯಲ್ಲಿದೆ.

ಕೈಗಳು ತಮ್ಮಷ್ಟಕ್ಕೆ ತಾವು ಕೆಲಸ ಮಾಡಿದವು. ಪೆಟ್ರೋಲ್ ಬಂದ್, ಸ್ವಿಚ್ಚು ಬಂದ್, ತಲೆಯ ಮೇಲಿನ ಗಾಜು ಹಿಂದಕ್ಕೆ. ಚಕ್ರ ಇಳಿಸಲಿಲ್ಲ. ಮೆತ್ತನೆ ಮಣ್ಣಿನಲ್ಲಿ ಚಕ್ರ ಇಳಿಸಿದರೆ ಅದು ಹೂತುಕೊಂಡು ವಿಮಾನ ಮಗುಚುತ್ತದೆ, ನಾನು ಹಾರಲು ಕಲಿತ ದಿನದಿಂದ ಅಪ್ಪ ತಲೆ ತಿನ್ನುತ್ತಿದ್ದ ಪಾಠ ಇದು. ಹೊಟ್ಟೆ ನೆಲಕ್ಕೆ ಉಜ್ಜಿದಾಗ ಬಂದ ಶಬ್ದವನ್ನು ಬರೆಯಲಾರೆ.

ನಿಂತ ಮೇಲೆ ಇಳಿಯಲಿಲ್ಲ. ಕೂತೇ ಇದ್ದೆ. ಹೊಲದ ಒಡತಿ ಕುಡುಗೋಲು ಹಿಡಿದುಕೊಂಡೇ ಓಡಿ ಬಂದರು. ಬಂದವರೇ, "ಒಳಗೆ ಎಷ್ಟು ಜನ ಇದ್ದೀರಮ್ಮಾ?" ಅಂದರು. "ಒಬ್ಬಳೇ" ಅಂದೆ. "ಹಾಗಾದ್ರೆ ಇಳೀಮ್ಮ, ಇನ್ಯಾರಿಗೆ ಕಾಯ್ತಿದ್ದೀಯ?" ಅಂದರು. ಇಳಿದೆ.

ಅಣ್ಣ ಓಡಿ ಬಂದ, ನನ್ನ ಮುಖ ನೋಡಿದ, ಆಮೇಲೆ ಎಂಜಿನ್ ಕಡೆ ನೋಡಿದ, ಹೋಗಿ ಬೇಲಿಯ ಪಕ್ಕ ವಾಂತಿ ಮಾಡಿಕೊಂಡ. ಬಿದ್ದವಳು ನಾನು, ವಾಂತಿ ಅವನಿಗೆ! ಅಪ್ಪ ಕಾರಿನಲ್ಲಿ ಅತ್ತಿಗೆಯ ಜೊತೆ ಬಂದರು. ನನ್ನ ಎರಡೂ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ಚಕ್ರ ಇಳಿಸಲಿಲ್ಲ ತಾನೆ?" ಅಂದರು. "ಇಲ್ಲ ಅಪ್ಪಾ." "ಒಳ್ಳೇದಾಯ್ತು."

ಅಷ್ಟೇ ಮಾತು. ನನಗೇನೂ ಆಗಿಲ್ಲ.

ಮಾರ್ಚ್ 10, ಸೋಮವಾರ

ನಿನ್ನೆಯ ಅಕ್ಷರ ನೋಡಿದರೆ ಒಂದನೇ ಕ್ಲಾಸಿನ ಮಗು ಬರೆದ ಹಾಗಿದೆ. ಇವತ್ತಿನದೂ ಅಷ್ಟೇ. ಕೈ ನಡುಗುತ್ತಿದೆ, ಬೇರೇನಿಲ್ಲ. ಡಾಕ್ಟರು ಮೈಯೆಲ್ಲ ಒತ್ತಿ ನೋಡಿ ಪಕ್ಕೆಲುಬು ಗಟ್ಟಿ ಇದೆ ಅಂದರು.

ಅಪ್ಪನ ಕೈ ಎರಡು ವರ್ಷದಿಂದ ನಡುಗುತ್ತದೆ. ಅತ್ತಿಗೆ ಅವರಿಗೆ ಟೀ ಯಾವಾಗಲೂ ಅರ್ಧ ಲೋಟ ಕೊಡುತ್ತಾರೆ, ಮುಗಿದ ಮೇಲೆ ಇನ್ನರ್ಧ. ಬೆಳಿಗ್ಗೆ ನನ್ನ ಮುಂದೆಯೂ ಅರ್ಧ ಲೋಟ ಇಟ್ಟರು. "ಇದೇನು ಅತ್ತಿಗೆ, ಪಡಿತರವಾ?" ಅಂದೆ. "ಬಟ್ಟೆ ಒಗೆಯೋಳು ನಾನು" ಅಂದರು. ಅಪ್ಪ ನಕ್ಕರು. ಅಣ್ಣ ನಗಲಿಲ್ಲ.

ಎಲ್ಲರೂ "ಹೆದರಿದೆಯಾ?" ಅಂತ ಕೇಳುತ್ತಾರೆ. ಹೆದರುವುದಕ್ಕೆ ಟೈಮ್ ಎಲ್ಲಿತ್ತು? ಹೆದರಿಕೆ ಏನೂ ಇಲ್ಲ.

ಮಾರ್ಚ್ 13, ಗುರುವಾರ

ಅಜ್ಜಿಯನ್ನು ರೆಕ್ಕೆ ಬಿಚ್ಚಿ ಲಾರಿಯ ಮೇಲೆ ಹೇರಿಕೊಂಡು ಬಂದರು. ಶೆಡ್ಡಿನೊಳಗೆ ಕಟ್ಟಿಗೆಯ ಅಟ್ಟಣಿಗೆಯ ಮೇಲೆ ಕೂರಿಸಿದಾಗ ಹೊಟ್ಟೆ ಕಂಡಿತು. ತಗಡು ಚಿಂದಿಯಾಗಿದೆ. ಪ್ರೊಪೆಲ್ಲರಿನ ಕೆಳಗಿನ ಅಲಗು ಹಿಂದಕ್ಕೆ ಮಡಚಿಕೊಂಡಿದೆ. ನನ್ನ ಹೊಟ್ಟೆಯೇ ಹರಿದ ಹಾಗಾಯಿತು, ಹೊರಗೆ ಹೋಗಿ ನಿಂತೆ.

ಲಾರಿಯ ಹಿಂದೆಯೇ ಹೊಲದ ಒಡತಿ ಒಂದು ಮೂಟೆ ಆಲೂಗಡ್ಡೆ ತಂದಿದ್ದರು. "ನಿಮ್ಮ ಅಜ್ಜಿ ಅಗೆದದ್ದು, ನೀವೇ ತಿನ್ನಿ. ನೇಗಿಲಿಗಿಂತ ಚೆನ್ನಾಗಿ ಅಗೆದಿದ್ದಾಳೆ" ಅಂದರು. ಇನ್ನು ತಿಂಗಳಿಡೀ ಆಲೂಗಡ್ಡೆ.

ಸಂಗ್ರಹಾಲಯದ ಟೈ ಸಾಹೇಬರೂ ಬಂದಿದ್ದರು. ಅವರಿಗೆ ಹೆಸರಿದೆ, ಆದರೆ ಆ ಟೈ ಕಂಡ ಮೇಲೆ ಹೆಸರು ಯಾರಿಗೂ ನೆನಪಿರುವುದಿಲ್ಲ. ಅಜ್ಜಿಯನ್ನು ಹಾರಿಸಲು ಪರವಾನಗಿ ಇರುವುದು ನನ್ನೊಬ್ಬಳಿಗೆ. ಸೆಪ್ಟೆಂಬರ್ ಕೊನೆಯ ಭಾನುವಾರದ ಪ್ರದರ್ಶನದಲ್ಲಿ ಅಜ್ಜಿ ಹಾರದಿದ್ದರೆ ಎಂಜಿನ್ ಕಿತ್ತು, ತಂತಿ ಕಟ್ಟಿ, ದೊಡ್ಡ ಹಾಲಿನ ಚಾವಣಿಗೆ ನೇತುಹಾಕುವುದಂತೆ. "ನೋಡೋರಿಗೆ ಹಾಗೂ ಚೆಂದವೇ" ಅಂದರು. ಅಜ್ಜಿಯನ್ನು ನೇಣು ಹಾಕುವುದನ್ನು ಎಷ್ಟು ಮೆತ್ತಗೆ ಹೇಳಿದರು! ಅಪ್ಪ ಅವರ ಮುಖವನ್ನೇ ನೋಡದೆ, "ಹಾರ್ತಾಳೆ" ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನೂ ಹೌದು ಅಂತ ತಲೆಯಾಡಿಸಿದೆ.

ಮಾರ್ಚ್ 17, ಸೋಮವಾರ

ಹೇಗೆ ಬರೆಯಲಿ?

ತನಿಖೆಯ ಮೇಡಂ ಬಂದರು. ಅಣ್ಣ ಎಂಜಿನ್ನಿನ ಮುಚ್ಚಳ ತೆಗೆದ. ಪೆಟ್ರೋಲ್ ಪಂಪಿನ ಹಿಂದೆ, ಕೈ ಹೋಗಲೂ ಕಷ್ಟವಾದ ಸಂದಿಯಲ್ಲಿ, ಕೊಳವೆ ಕೂಡುವ ಕಡೆ ಒಂದು ನಟ್ಟು. ಮೇಡಂ ಎರಡು ಬೆರಳು ಇಟ್ಟು ತಿರುಗಿಸಿದರು. ಬಾಟಲಿಯ ಮುಚ್ಚಳದಷ್ಟು ಸುಲಭವಾಗಿ ತಿರುಗಿತು.

ಅದಕ್ಕಿಂತ ಮೊದಲು ಅದರ ಮೇಲೆ ಕೆಂಪು ಗೆರೆ ಇತ್ತು. ಪೂರ್ತಿ ಇತ್ತು. ನಾವೆಲ್ಲ ಕಣ್ಣಾರೆ ಕಂಡೆವು.

"ಈ ಗೆರೆ ಏನು?" ಅಂದರು ಮೇಡಂ. ಅವರಿಗೆ ಗೊತ್ತಿರದೆ ಏನು, ನಮ್ಮ ಬಾಯಿಂದ ಬರಲಿ ಅಂತ. ಅಪ್ಪ ಹೇಳಿದರು. ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ, ನಟ್ಟಿಗೂ ಪಕ್ಕದ ಲೋಹಕ್ಕೂ ಸೇರಿಸಿ ಒಂದು ಬಣ್ಣದ ಗೆರೆ. ನಟ್ಟು ಸಡಿಲವಾಗಿ ತಿರುಗಿದರೆ ಗೆರೆ ಮುರಿಯುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ನಮ್ಮ ಶೆಡ್ಡಿನಲ್ಲಿ ಇನ್ನೊಂದು ನಿಯಮ, ಅಪ್ಪ ಮಾಡಿದ್ದು: ಬಿಗಿ ಮಾಡಿದವರು ಗೆರೆ ಎಳೆಯುವ ಹಾಗಿಲ್ಲ. ಅಣ್ಣ ಬಿಗಿ ಮಾಡಬೇಕು, ಅಪ್ಪ ತಾವೇ ಸ್ಪ್ಯಾನರ್ ಹಾಕಿ ನೋಡಿ, ಆಮೇಲೆ ಗೆರೆ ಎಳೆಯಬೇಕು. ಒಬ್ಬರ ಕೈ ತಪ್ಪಿದರೆ ಇನ್ನೊಬ್ಬರ ಕೈ ಹಿಡಿಯಲಿ ಅಂತ.

"ಗೆರೆ ಮುರಿದಿರಲಿಲ್ಲ. ಅಂದ್ರೆ ನಟ್ಟು ಸಡಿಲ ಆಗಿಲ್ಲ" ಅಂದರು ಮೇಡಂ. "ಮೊದಲಿಂದಲೂ ಸಡಿಲವಾಗೇ ಇತ್ತು. ಒಣಗಿದ ಬಣ್ಣವೇ ಅದನ್ನು ಇಷ್ಟು ದಿನ ಹಿಡಿದುಕೊಂಡಿತ್ತು. ಗೆರೆ ಯಾರದು?"

"ನಂದು" ಅಂದರು ಅಪ್ಪ.

ನನಗೆ ಕಾಲ ಕೆಳಗಿನ ನೆಲ ಹೋಯಿತು. ಹೊಲದಲ್ಲಿ ಕೂಡ ಹೀಗಾಗಿರಲಿಲ್ಲ. ಅಣ್ಣ ಬಾಯಿ ತೆರೆದ, ಮುಚ್ಚಿದ. ಅಪ್ಪ ಅವನ ಕಡೆ ಒಂದು ನೋಟ ನೋಡಿದರು, ಅಷ್ಟೇ. ಆಮೇಲೆ ತಮ್ಮ ಸ್ಟೂಲಿನ ಮೇಲಿದ್ದ ಕೆಂಪು ಬಣ್ಣದ ಡಬ್ಬಿ, ಸಣ್ಣ ಬ್ರಷ್ಷು ಎರಡನ್ನೂ ಕೋಟಿನ ಜೇಬಿಗೆ ಹಾಕಿಕೊಂಡು, "ಇನ್ನು ನಾನು ಬರಲ್ಲ" ಅಂತ ಹೊರಟುಬಿಟ್ಟರು.

ಆ ಗೆರೆ ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ಅಳತೆಪಟ್ಟಿ ಇಟ್ಟು ಎಳೆದ ಹಾಗೆ ಎಷ್ಟು ನೆಟ್ಟಗಿತ್ತು! ಅಷ್ಟು ಚೆಂದ ಎಳೆಯಲು ಪುರುಸೊತ್ತಿತ್ತು, ಒಂದು ಸಲ ಸ್ಪ್ಯಾನರ್ ಹಾಕಲು ಇರಲಿಲ್ಲ. ನನ್ನ ಅಪ್ಪ. ನನ್ನನ್ನು ಸಾಯಿಸಿಬಿಡುತ್ತಿದ್ದರು.

ಮಾರ್ಚ್ 18, ಮಂಗಳವಾರ

ಅಪ್ಪನ ಸ್ಟೂಲು ಖಾಲಿ. ಯಾರೂ ಅದನ್ನು ಸರಿಸಲಿಲ್ಲ, ಸುತ್ತಿ ಬಳಸಿ ಓಡಾಡಿದೆವು.

ಮಾರ್ಚ್ 29, ಶನಿವಾರ

ಕೆಲಸ ನಡೆಯುತ್ತಿದೆ. ಎಂಜಿನ್ ಬಿಚ್ಚಿ ಪರೀಕ್ಷೆಗೆ ಕಳಿಸಿದ್ದೇವೆ. ಅಣ್ಣ ಸರಿಯಾಗಿ ಊಟ ಮಾಡುವುದಿಲ್ಲ, ಮಾತಾಡಿದರೆ ಬೆಚ್ಚುತ್ತಾನೆ. ಅವನಿಗೇನಾಯಿತೋ, ಬಿದ್ದವಳು ನಾನು.

ಕಾಕ್‌ಪಿಟ್ಟಿನೊಳಗಿನ ಬೆಲ್ಟು ಬಿಚ್ಚಿ ಕೊಡು ಅಂದ ಅಣ್ಣ. ಸೀಟಿನ ಮೇಲೆ ಶೆಡ್ಡಿನ ಬೆಕ್ಕು ಮಲಗಿತ್ತು. ಪಾಪ, ಎಬ್ಬಿಸುವುದು ಬೇಡ ಅಂತ ಬಿಟ್ಟೆ. ಮೊನ್ನೆಯೂ ಮಲಗಿತ್ತು. ಆ ಬೆಕ್ಕಿಗೆ ಬೇರೆ ಜಾಗವೇ ಇಲ್ಲವೇ?

ಅತ್ತಿಗೆ ಇವತ್ತು ನನ್ನನ್ನು ಹಿಡಿದುಕೊಂಡರು. "ಗ್ಯಾಸಿನ ತಿರುಪು ಎಷ್ಟು ಸಲ ನೋಡ್ತೀಯೇ? ನಾನು ಅಡುಗೆ ಮಾಡೋದೇ ನಿಂಗೆ ನಂಬಿಕೆ ಇಲ್ವಾ?" ಅಂದರು. ಒಂದು ಸಲ ನೋಡಿ ಮಲಗುತ್ತೇನೆ, ಮಲಗಿದ ಮೇಲೆ ವಾಸನೆ ಬಂದ ಹಾಗಾಗುತ್ತದೆ, ಎದ್ದು ಹೋಗಿ ಮತ್ತೆ ನೋಡುತ್ತೇನೆ. ಗ್ಯಾಸ್ ವಿಚಾರದಲ್ಲಿ ಎಚ್ಚರಿಕೆ ಇದ್ದರೆ ತಪ್ಪೇನು? ಅಪ್ಪ ಮೂಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಅವರ ಜೊತೆ ನಾನು ಮಾತು ಕಮ್ಮಿ ಮಾಡಿದ್ದೇನೆ. ಏನು ಮಾತಾಡಲಿ? ಅವರ ಮುಖ ನೋಡಿದರೆ ನಟ್ಟು ತಿರುಗಿದ್ದೇ ಕಾಣುತ್ತದೆ.

ಏಪ್ರಿಲ್ 6, ಭಾನುವಾರ

ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋದೆ. ಗ್ಯಾಸ್ ಒಲೆಯ ತಿರುಪಿನ ಮೇಲೆ ಕೆಂಪು ಗೆರೆ. ಒಲೆಯ ಎರಡೂ ತಿರುಪು, ಕೆಳಗೆ ಸಿಲಿಂಡರಿನ ತಲೆಯದ್ದೂ. ತಿರುಪಿನಿಂದ ಒಲೆಯ ಮೈಗೆ ಸೇರಿಸಿ ಎಳೆದ ಗೆರೆ. ಬಂದ್ ಆಗಿದ್ದರೆ ಗೆರೆ ಕೂಡಿಕೊಳ್ಳುತ್ತದೆ, ಬಾಗಿಲಲ್ಲಿ ನಿಂತರೇ ಕಾಣುತ್ತದೆ.

ಅಪ್ಪ ಸ್ಟೂಲಿಲ್ಲದೆ ನೆಲದ ಮೇಲೆ ಕೂತು ಬ್ರಷ್ಷು ಒರೆಸುತ್ತಿದ್ದರು. "ಇನ್ಮೇಲೆ ಎದ್ದು ಬರಬೇಡ ಪುಟ್ಟಾ. ಬಾಗಿಲಿಂದಾನೇ ನೋಡು, ಸಾಕು" ಅಂದರು.

ನನಗೆ ಅಳು ಬಂತು. ಬಗ್ಗಿ ಗೆರೆಯನ್ನು ಹತ್ತಿರದಿಂದ ನೋಡಿದೆ, ಅಳು ಅಲ್ಲೇ ನಿಂತಿತು. ಗೆರೆ ಸೊಟ್ಟಗಿತ್ತು. ಸೊಟ್ಟ ಅಂದರೆ ಎಂಥ ಸೊಟ್ಟ, ಎಡಕ್ಕೆ ಹೋಗಿ ಬಲಕ್ಕೆ ಬಂದು, ಮಧ್ಯೆ ಎರಡು ಕಡೆ ಬೊಟ್ಟು ಬಿದ್ದು, ಕೊನೆಯಲ್ಲಿ ಬಾಲ ಬಂದಿತ್ತು. ಒಂದು ಬೆರಳುದ್ದದ ಗೆರೆ ಎಳೆಯಲು ಅಪ್ಪನ ಕೈ ಅಷ್ಟು ಕಷ್ಟಪಟ್ಟಿತ್ತು.

ಪಂಪಿನ ಹಿಂದಿನ ಗೆರೆ ಅಳತೆಪಟ್ಟಿ ಇಟ್ಟ ಹಾಗಿತ್ತು. ನಾನೇ ಬರೆದಿದ್ದೇನೆ, ಇದೇ ಪುಸ್ತಕದಲ್ಲಿ. ಬರೆಯುವಾಗ ಎಲ್ಲಿಟ್ಟಿದ್ದೆ ಬುದ್ಧಿಯನ್ನು? ಅಪ್ಪನ ಲೋಟ ಎದುರಿಗೇ ಇತ್ತಲ್ಲ!

ಚಪ್ಪಲಿ ಹಾಕದೆ ಶೆಡ್ಡಿಗೆ ಓಡಿದೆ. ಟಾರ್ಚು ಹಿಡಿದು ಅಜ್ಜಿಯ ಮೈಯೆಲ್ಲ ಹುಡುಕಿದೆ. ಸ್ಟೂಲಿನಿಂದ ಕೈಗೆಟಕುವ ಕಡೆ ಇರುವ ಗೆರೆಗಳೆಲ್ಲ ಸೊಟ್ಟ. ಬಗ್ಗಿ, ಮಲಗಿ, ತೂರಿಕೊಂಡು ಎಳೆಯಬೇಕಾದವೆಲ್ಲ ನೆಟ್ಟಗೆ. ಒಂದೂ ಬಿಡದ ಹಾಗೆ ನೆಟ್ಟಗೆ. ಹಾರುವ ಮುಂಚೆ ನಾನು ಗೆರೆ ಇದೆಯಾ ಅಂತ ನೋಡುತ್ತಿದ್ದೆ, ಯಾರ ಗೆರೆ ಅಂತ ನೋಡಿದವಳಲ್ಲ.

ಅಣ್ಣ ನನ್ನ ಹಿಂದೆಯೇ ಓಡಿ ಬಂದಿದ್ದ. ಬಾಗಿಲಲ್ಲಿ ನಿಂತಿದ್ದ.

"ಯಾರು ಎಳೆದಿದ್ದು?" ಅಂದೆ.

"ಅಪ್ಪಂಗೆ ಬಗ್ಗಕ್ಕಾಗಲ್ಲ ಕಣೇ."

"ಕೇಳಿದ್ದು ಅದಲ್ಲ. ಯಾರು ಎಳೆದಿದ್ದು?"

"ನಾನೇ." ಅವನ ದನಿ ಹೊರಗೇ ಬರುತ್ತಿರಲಿಲ್ಲ. "ಒಂದ್ಸಲ ಒಳಗೆ ತೂರಿಕೊಂಡು ಈಚೆಗೆ ಬರೋಕಾಗದೆ ಒದ್ದಾಡಿಬಿಟ್ರು. ಬ್ರಷ್ ಮೂರು ಸಲ ಬೀಳಿಸಿದ್ರು. ಕಣ್ಣಲ್ಲಿ ನೀರು. ಅವತ್ತಿಂದ ಕಷ್ಟದ ಜಾಗದ್ದೆಲ್ಲ ನಾನೇ ಎಳೆದುಬಿಡ್ತಿದ್ದೆ. ಅವರು ಟೀ ಕುಡಿಯೋಕೆ ಹೋದಾಗ. ಬಂದ ಮೇಲೆ 'ಆಗಿದೆ ಅಪ್ಪಾ' ಅಂತಿದ್ದೆ."

"ಆ ನಟ್ಟು?"

"ಅವತ್ತು ಅಪ್ಪ ಬೇಗ ವಾಪಸ್ ಬರೋ ಸದ್ದಾಯ್ತು. ಕೈಯಲ್ಲೇ ತಿರುಗಿಸಿಟ್ಟಿದ್ದೆ. ಮೊದಲು ಗೆರೆ ಎಳೆದುಬಿಡೋಣ, ಅವರು ಬಗ್ಗೋದು ತಪ್ಪಲಿ, ಆಮೇಲೆ ಬಿಗಿ ಮಾಡಿದ್ರಾಯ್ತು ಅಂತ ಎಳೆದೆ. ಆಮೇಲೆ ಸ್ಪ್ಯಾನರ್ ತಗೊಂಡು ಬಂದೆ. ಗೆರೆ ಕಾಣಿಸ್ತು. ಗೆರೆ ಇದ್ರೆ ಬಿಗಿ ಆಗಿದೆ ಅಂತಲ್ವಾ? ಮುಂದಿನ ನಟ್ಟಿಗೆ ಹೋದೆ."

ತಾನೇ ಎಳೆದ ಗೆರೆಯನ್ನು ತಾನೇ ನಂಬಿದ. ನನಗೆ ನಗಬೇಕೋ ಅರಚಬೇಕೋ ತಿಳಿಯಲಿಲ್ಲ. ಅರಚಿದೆ. "ತಪ್ಪಾಯ್ತು, ಸರಿ, ಯಾರಿಗೂ ಆಗುತ್ತೆ! ಮೇಡಂ ಕೇಳಿದಾಗ ಅಪ್ಪ 'ನಂದು' ಅಂದ್ರಲ್ಲ, ಆಗ ನಿನ್ನ ಬಾಯಿಗೆ ಏನಾಗಿತ್ತು? ಇಷ್ಟು ದಿನ ಅವರು ಮೂಲೆಲಿ ಕೂತಿದ್ದನ್ನ ನೋಡ್ಕೊಂಡು ಅನ್ನ ಹೇಗೆ ಇಳೀತೋ ನಿಂಗೆ?"

"ಇಳೀಲಿಲ್ಲ" ಅಂದ.

ನಿಜ, ಇಳಿದಿರಲಿಲ್ಲ. ಆದರೂ ಕೈಯಲ್ಲಿದ್ದ ಟಾರ್ಚನ್ನು ಗೋಡೆಗೆ ಎಸೆದೆ. ಬೆಕ್ಕು ಕಾಕ್‌ಪಿಟ್ಟಿನಿಂದ ಹಾರಿ ಓಡಿತು.

ಏಪ್ರಿಲ್ 7, ಸೋಮವಾರ

ಅಪ್ಪನನ್ನು ಕೇಳಿದೆ. "ನಿಮಗೆ ಗೊತ್ತಿತ್ತಾ ಅಪ್ಪಾ?"

ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಅವರು ತೆಗೆದರೆ ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆ ಹೋಗುತ್ತದೆ, ಆದರೂ ಅತ್ತಿಗೆ ಆ ಕೆಲಸ ಅವರಿಗೇ ಕೊಡುತ್ತಾರೆ.

"ಗೊತ್ತಿತ್ತು" ಅಂದರು. "ನನ್ನ ಗೆರೆ ನಂಗೆ ಗೊತ್ತಾಗಲ್ವಾ? ಮೊದಲ ದಿನಾನೇ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಸುಖ ಆಗಿತ್ತು ಪುಟ್ಟಾ." ಚಾಕು ಕೆಳಗಿಟ್ಟರು. "ಬಗ್ಗೋ ಕಷ್ಟ ತಪ್ತು. ಸ್ಟೂಲ್ ಮೇಲೆ ಕೂತು, ಟೀ ಕುಡಿದು, ಇನ್ನೂ ನಾನೇ ಎಲ್ಲ ನೋಡ್ಕೋತಿದ್ದೀನಿ ಅಂತ ಅನ್ನಿಸ್ಕೊಳ್ಳೋದು ಸುಖ ಆಗಿತ್ತು. ಅವನು ಕೊಟ್ಟ, ನಾನು ತಗೊಂಡೆ. ಅದಕ್ಕೇ ಗೆರೆ ನಂದು ಅಂದೆ. ಸುಳ್ಳೇನಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ಎಷ್ಟು ಜೋಪಾನವಾಗಿ ನೋಡಿಕೊಂಡರು! ಆ ಜೋಪಾನದ ಮಧ್ಯೆ ನಾನು ಆಕಾಶದಲ್ಲಿದ್ದೆ. ನನಗೆ ಇವರಿಬ್ಬರ ಮೇಲೂ ಕೋಪ ಬರುತ್ತಿದೆ, ಇಬ್ಬರನ್ನೂ ನೋಡಿದರೆ ಕರುಳು ಚುರುಕ್ ಅನ್ನುತ್ತಿದೆ. ಇವರು ರಿಪೇರಿ ಮಾಡಿದ್ದರಲ್ಲಿ ಮತ್ತೆ ಹೇಗೆ ಹತ್ತಿ ಕೂರಲಿ? ಇವರನ್ನು ಬಿಟ್ಟು ಬೇರೆಯವರು ರಿಪೇರಿ ಮಾಡಿದರೆ ಹತ್ತುತ್ತೇನೆಯೇ? ಅದೂ ಗೊತ್ತಿಲ್ಲ.

ಏಪ್ರಿಲ್ 9, ಬುಧವಾರ

ಅಣ್ಣ ತಾನಾಗಿಯೇ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿ ಬಂದಿದ್ದಾನೆ. ವರ್ಷ ಮುಗಿಯುವ ತನಕ ಅವನ ಸಹಿ ನಡೆಯುವುದಿಲ್ಲ. ಕೆಲಸ ಮಾಡಬಹುದು, ಮೇಡಂ ಬಂದು ನೋಡಿ ಸಹಿ ಹಾಕುತ್ತಾರೆ. ಅತ್ತಿಗೆ ನನಗೆ ಹೇಳಿದರು. ಅವನ ಜೊತೆ ನಾನು ಮಾತು ಬಿಟ್ಟಿದ್ದೇನೆ.

ಜೂನ್ 11, ಬುಧವಾರ

ಎಷ್ಟು ದಿನವಾಯಿತು ಬರೆಯದೆ. ಬರೆಯುವಂಥದ್ದು ಏನೂ ಇರಲಿಲ್ಲ. ಅಜ್ಜಿಯ ಹೊಟ್ಟೆಗೆ ಹೊಸ ತಗಡು ಕತ್ತರಿಸುವುದು, ಬಗ್ಗಿಸುವುದು, ಇಟ್ಟು ನೋಡುವುದು, ಸರಿಬರದೆ ಎಸೆಯುವುದು.

ಇವತ್ತು ತಗಡನ್ನು ಮೈಗೆ ಕೂಡಿಸುವ ಮೊಳೆ, ಅಂದರೆ ರಿವೆಟ್, ಹೊಡೆಯಲು ಶುರು ಮಾಡಿದೆವು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಹೊರಗಿನಿಂದ ಗನ್ನು ಹಿಡಿದು ರಿವೆಟ್ಟಿನ ತಲೆಗೆ ಹೊಡೆಯಬೇಕು, ಇನ್ನೊಬ್ಬರು ಒಳಗೆ ಕೂತು ಕಬ್ಬಿಣದ ಗಟ್ಟಿಯನ್ನು ಅದರ ಬಾಲಕ್ಕೆ ಒತ್ತಿ ಹಿಡಿಯಬೇಕು. ಗಾತ್ರದಲ್ಲಿ ಸಣ್ಣವಳು ನಾನು, ಒಳಗೆ ತೂರಬೇಕಾದದ್ದು ನಾನೇ. ಹೊರಗೆ ಅಣ್ಣ. ಮಾತು ಬಿಟ್ಟವರಿಗೆ ದೇವರು ಒಳ್ಳೇ ಕೆಲಸ ಕೊಟ್ಟ.

ಆ ಗದ್ದಲದಲ್ಲಿ ಮಾತು ಕೇಳುವುದೂ ಇಲ್ಲ ಅನ್ನಿ. ಅದಕ್ಕೆ ತಟ್ಟುವ ಲೆಕ್ಕ ಇದೆ. ಒಳಗಿದ್ದವರು ಒಂದು ಸಲ ತಟ್ಟಿದರೆ ಇನ್ನೂ ಸಾಲದು, ಮತ್ತೆ ಹೊಡಿ. ಎರಡು ಸಲ ತಟ್ಟಿದರೆ ಸರಿಯಾಯಿತು. ಮೂರು ತಟ್ಟಿದರೆ ಕೆಟ್ಟಿತು, ಕಿತ್ತು ಹಾಕು. ಚಿಕ್ಕಂದಿನಲ್ಲಿ ಇಬ್ಬರೂ ಊಟದ ಮೇಜಿನ ಕೆಳಗೆ ಇದೇ ಭಾಷೆಯಲ್ಲಿ ಮಾತಾಡುತ್ತಿದ್ದೆವು. ಅಮ್ಮ ಮಾಡಿದ ಸಾರಿಗೆ ಮೂರು ತಟ್ಟಿ ಏಟು ತಿಂದಿದ್ದೂ ಇದೆ.

ಬೆಳಗಿನಿಂದ ಸಂಜೆಯ ತನಕ ತಟ್ಟಿದೆ. ಒಂದು, ಎರಡು, ಎರಡು, ಒಂದು, ಎರಡು. ಅಣ್ಣ ಒಂದೂ ರಿವೆಟ್ ಕೆಡಿಸಲಿಲ್ಲ. ಕೆಲಸ ಮುಗಿದ ಮೇಲೆ ಗನ್ನು ಕೆಳಗಿಟ್ಟ ಸದ್ದಾಯಿತು. ಆಮೇಲೆ ಹೊರಗಿನಿಂದ, ನನ್ನ ಭುಜದ ಹತ್ತಿರದ ತಗಡಿನ ಮೇಲೆ, ಮೆಲ್ಲಗೆ ಎರಡು ಸಲ ತಟ್ಟಿದ. ಅಲ್ಲಿ ರಿವೆಟ್ ಇರಲಿಲ್ಲ.

ನಾನು ಕಬ್ಬಿಣದ ಗಟ್ಟಿಯನ್ನು ಕೆಳಗಿಟ್ಟೆ. ಆಮೇಲೆ ಒಂದು ಸಲ ತಟ್ಟಿದೆ.

ಹೊರಗೆ ಅವನು ನಕ್ಕಿದ್ದು ಕೇಳಿಸಿತು. ಅತ್ತನೋ ಏನೋ, ತಗಡಿನೊಳಗಿಂದ ಎರಡೂ ಒಂದೇ ಥರ ಕೇಳುತ್ತದೆ.

ಜುಲೈ 19, ಶನಿವಾರ

ಎಂಜಿನ್ ವಾಪಸ್ ಬಂತು, ಕೂರಿಸಿದೆವು. ಹೊಸ ಪ್ರೊಪೆಲ್ಲರ್ ಹಾಕಿದೆವು. ಅಣ್ಣನಿಗೆ "ಸ್ಪ್ಯಾನರ್ ಕೊಡು" ಅಂದೆ. ಇದು ಮಾತಾಡಿದ ಲೆಕ್ಕವಲ್ಲ.

ನಟ್ಟುಗಳೆಲ್ಲ ಬಿಗಿಯಾಗಿವೆ, ಒಂದರ ಮೇಲೂ ಗೆರೆ ಇಲ್ಲ. ಎಳೆಯುವವರಿಲ್ಲ. ಮೇಡಂ "ನೀವೇ ಎಳೀಬಹುದಲ್ಲ, ಬಿಗಿ ಮಾಡಿದವರು ನೀವಲ್ಲವಲ್ಲ" ಅಂದರು. ಎಳೆಯಬಹುದು. ಬ್ರಷ್ಷು ಅಪ್ಪನ ಹತ್ತಿರ ಇದೆ ಅಂದೆ.

ಟೈ ಸಾಹೇಬರು ಬಂದು ಚಾವಣಿಗೆ ಬೇಕಾದ ತಂತಿಯ ಬಗ್ಗೆ ವಿಚಾರಿಸಿದರು, ಇರಲಿ ಅಂತ. ನನಗೆ ಅವರ ಟೈಯನ್ನೇ ಅದಕ್ಕೆ ಉಪಯೋಗಿಸೋಣ ಅನ್ನಿಸಿತು.

ಬೆಕ್ಕಿಗೆ ಮರಿಗಳಾಗಿವೆ. ಕಾಕ್‌ಪಿಟ್ಟಿನಲ್ಲೇ. ಇನ್ನು ಒಂದಷ್ಟು ದಿನ ಅಲ್ಲಿ ಯಾರೂ ಕೂರುವ ಹಾಗಿಲ್ಲ. ಪಾಪ, ಬಾಣಂತಿ.

ಆಗಸ್ಟ್ 23, ಶನಿವಾರ

ಹೊಲದ ಒಡತಿ ಶೆಡ್ಡಿಗೆ ಬಂದಿದ್ದರು, ಅಜ್ಜಿ ಹೇಗಿದ್ದಾಳೆ ನೋಡಲು. ಸುತ್ತ ಒಂದು ಸುತ್ತು ಬಂದು, ಹೊಟ್ಟೆ ಸವರಿ, "ಮದುವಣಗಿತ್ತಿ ಥರ ಆಗಿದ್ದಾಳಲ್ಲ!" ಅಂದರು. ಆಮೇಲೆ ಸುಮ್ಮನೆ ಕೇಳಿದರು: "ನಿಂಗೆ ಭಯ ಆಗಲ್ವೇನಮ್ಮ ಮತ್ತೆ ಹತ್ತೋಕೆ?"

"ಆಗುತ್ತೆ" ಅಂದೆ.

ನನ್ನ ಬಾಯಿಂದ ಬಂದದ್ದಕ್ಕೆ ನಾನೇ ದಂಗಾದೆ. ಅಣ್ಣ ಕೆಲಸ ನಿಲ್ಲಿಸಿ ನೋಡಿದ. ನಾನು ನಿಲ್ಲಿಸಲಿಲ್ಲ. ಗಾಳಿಯ ಸದ್ದು ಕೇಳುತ್ತದೆ, ಪೆಟ್ರೋಲ್ ಬಂಕಿನ ಮುಂದೆ ಹೋಗಲಾರೆ, ಬೆಕ್ಕಿನ ನೆಪ ಹೇಳುತ್ತೇನೆ, ಇದೇ ಸೀಟಿನಲ್ಲಿ ಸಾಯುತ್ತೇನೆ ಅನ್ನಿಸುತ್ತದೆ. ಎಲ್ಲ ಹೇಳಿಬಿಟ್ಟೆ, ಆಲೂಗಡ್ಡೆಯವರ ಮುಂದೆ.

ಅವರು ಕೇಳಿಸಿಕೊಂಡು, "ನಾನೂ ಅವತ್ತಿಂದ ವಿಮಾನದ ಸದ್ದು ಕೇಳಿದ್ರೆ ಬಾವಿ ಕಡೆ ಓಡ್ತೀನಿ" ಅಂದರು. "ಯಾಕೆ ಬಾವಿ ಕಡೆಗೋ, ಅದೂ ಗೊತ್ತಿಲ್ಲ."

ಇಬ್ಬರೂ ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸೆಪ್ಟೆಂಬರ್ 20, ಶನಿವಾರ

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ: "ನಾಳೆ ಶೆಡ್ಡಿಗೆ ಬನ್ನಿ. ಗೆರೆ ಎಳೀಬೇಕು."

"ನನ್ನ ಕೈಲಿ ಆಗಲ್ಲ. ನೋಡಿದ್ದೀಯಲ್ಲ ಒಲೆ ಮೇಲೆ ಹೇಗೆ ಎಳೆದಿದ್ದೀನಿ ಅಂತ. ನಾಚಿಕೆ."

"ಗೆರೆ ನೆಟ್ಟಗಿರಬೇಕು ಅಂತ ಯಾವ ಪುಸ್ತಕದಲ್ಲಿದೆ?"

"ಬಗ್ಗಕ್ಕೂ ಆಗಲ್ಲ."

ಆಗ ಅಣ್ಣ ಬಾಯಿ ಬಿಟ್ಟ. "ಬಗ್ಗೋದು ಬೇಡ ಅಪ್ಪಾ. ಮಲಗೋ ಹಲಗೆ ಮಾಡಿದ್ದೀನಿ, ಕೆಳಗೆ ನಾಲ್ಕು ಗಾಲಿ. ನಾನು ತಳ್ತೀನಿ. ಎಲ್ಲಿ ಬೇಕೋ ಅಲ್ಲಿಗೆ." ಜೂನ್ ತಿಂಗಳಲ್ಲೇ ಮಾಡಿಟ್ಟಿದ್ದನಂತೆ, ಹೇಳಲು ಧೈರ್ಯ ಬಂದಿರಲಿಲ್ಲವಂತೆ. ಎರಡು ವರ್ಷದ ಹಿಂದೆಯೇ ಮಾಡಬೇಕಾಗಿದ್ದ ಹಲಗೆ. ಯಾರೂ ಅದನ್ನು ಹೇಳಲಿಲ್ಲ, ಎಲ್ಲರ ಮುಖದಲ್ಲೂ ಇತ್ತು.

ಇವತ್ತು ಇಡೀ ದಿನ ಹಿಡಿಯಿತು. ಅಪ್ಪ ಹಲಗೆಯ ಮೇಲೆ ಅಂಗಾತ ಮಲಗಿದರು, ಅಣ್ಣ ತಳ್ಳಿದ, ನಾನು ಟಾರ್ಚು ಹಿಡಿದೆ. ಪ್ರತಿ ನಟ್ಟಿಗೂ ಅಪ್ಪ ಸ್ಪ್ಯಾನರ್ ಹಾಕಿ, ಎರಡೂ ಕೈಯಲ್ಲಿ ಎಳೆದು ನೋಡಿದರು. ಒಂದು ಕಡೆ ಅಣ್ಣ "ಅದು ಆಗಿದೆ ಅಪ್ಪಾ" ಅಂದುಬಿಟ್ಟ, ಬಾಯಿ ತಪ್ಪಿ. ಮೂವರೂ ಕಲ್ಲಾದೆವು. ಅಪ್ಪ, "ಆಗಿದ್ರೆ ಆಗಿರುತ್ತೆ, ನೋಡೋಕೇನು ರೋಗ?" ಅಂತ ಸ್ಪ್ಯಾನರ್ ಹಾಕಿದರು.

ಬ್ರಷ್ಷು ಎಷ್ಟು ಸಲ ಬಿತ್ತೋ. ಪ್ರತಿ ಸಲವೂ ಅಣ್ಣ ಎತ್ತಿ ಕೊಟ್ಟ, ತಾನು ಎಳೆಯಲು ಹೋಗಲಿಲ್ಲ. ಪಂಪಿನ ಹಿಂದಿನ ನಟ್ಟಿಗೆ ಬಂದಾಗ ಅಪ್ಪನ ಕೈ ಎಂದಿಗಿಂತ ಜಾಸ್ತಿ ನಡುಗಿತು. ಅವರು ಕಾದರು, ನಾವೂ ಕಾದೆವು. ಎಳೆದರು. ಈಚೆಗೆ ಬಂದಾಗ ಹಣೆ, ಕಿವಿ, ಮೂಗಿನ ತುದಿ ಎಲ್ಲ ಕೆಂಪು. ಅತ್ತಿಗೆ ನೋಡಿ, "ಅಯ್ಯೋ, ಯಾರಿಗೆ ಏನಾಯ್ತು?" ಅಂತ ಕಿರುಚಿದರು. ಆಮೇಲೆ ಸೀಮೆಎಣ್ಣೆ ಹಚ್ಚಿ ಉಜ್ಜಿದರು.

ಮರಿಗಳು ದೊಡ್ಡವಾಗಿವೆ. ಬೆಕ್ಕನ್ನು ಎತ್ತಿ ಅಪ್ಪನ ಸ್ಟೂಲಿನ ಮೇಲೆ ಬಿಟ್ಟು, ಸೀಟು ಒರೆಸಿ, ಬೆಲ್ಟು ಹಾಕಿದೆ. ಕೂದಲು ಹೋಗಲು ಅರ್ಧ ಗಂಟೆ ಬೇಕಾಯಿತು.

ಸೆಪ್ಟೆಂಬರ್ 28, ಭಾನುವಾರ

ಬೆಳಿಗ್ಗೆ ಅತ್ತಿಗೆ ಲೋಟದ ತುಂಬ ಟೀ ಕೊಟ್ಟರು. ಬಿಸಿ ಜಾಸ್ತಿಯಾಗಿತ್ತು, ಊದಿಕೊಂಡು ಕುಡಿದೆ.

ಮೇಡಂ ಬಂದು ಎಲ್ಲ ನೋಡಿ ಸಹಿ ಹಾಕಿದರು. ಗೆರೆಗಳನ್ನು ನೋಡಿ, "ಇವನ್ನು ಯಾರೂ ನಕಲು ಮಾಡೋಕಾಗಲ್ಲ ಬಿಡಿ" ಅಂದರು. ಪ್ರದರ್ಶನದ ಜನ ಬೇಲಿಯ ಆಚೆ ತುಂಬಿದ್ದರು. ಟೈ ಸಾಹೇಬರು ಹೊಸ ಟೈ ಕಟ್ಟಿದ್ದರು. ಎಂಜಿನ್ನಿನ ಮುಚ್ಚಳ ಹಾಕುವ ಮುಂಚೆ ನಾನು ಟಾರ್ಚು ಹಿಡಿದು ಪಂಪಿನ ಹಿಂದೆ ತಲೆ ತೂರಿಸಿದೆ. ಆ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಇಲ್ಲವೇ ಇಲ್ಲ ಅನ್ನುವಷ್ಟು ತೆಳ್ಳಗೆ, ಕೊನೆಯಲ್ಲಿ ಬಾಲ. ನೆಟ್ಟಗಿದ್ದಿದ್ದರೆ ನಾನು ಮುಚ್ಚಳ ಹಾಕಲು ಬಿಡದೆ ಮನೆಗೆ ಹೋಗಿಬಿಡುತ್ತಿದ್ದೆ. ದೇವರಾಣೆ ಹೋಗಿಬಿಡುತ್ತಿದ್ದೆ.

ಹತ್ತಿದೆ. ಎಂಜಿನ್ ಎದ್ದಿತು. ಹಾರಿದೆ. ಎಡಕ್ಕೆ ತಿರುಗುವ ಜಾಗ ಬಂದಾಗ ಉಸಿರು ಹಿಡಿದೆ, ಅಜ್ಜಿ ಕೆಮ್ಮಲಿಲ್ಲ. ಕೆಳಗೆ ಆಲೂಗಡ್ಡೆ ಹೊಲ. ಒಬ್ಬರು ಬಾವಿ ಕಡೆ ಓಡುತ್ತಿದ್ದರು, ಅರ್ಧ ದಾರಿಯಲ್ಲಿ ನಿಂತು ಎರಡೂ ಕೈ ಬೀಸಿದರು. ರೆಕ್ಕೆ ಅಲ್ಲಾಡಿಸಿದೆ.

ಇಳಿದು ನಿಂತಾಗ ಮೊದಲು ಓಡಿ ಬಂದವನು ಅಣ್ಣ. ಮೆಟ್ಟಿಲಿನ ಹತ್ತಿರ ನಿಂತ. ನಾನು ಕೈ ಹೊರಗೆ ಚಾಚಿ ಅಜ್ಜಿಯ ತಗಡಿನ ಮೇಲೆ ಎರಡು ಸಲ ತಟ್ಟಿದೆ. ಅವನು ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡ. ಅಪ್ಪ ನಿಧಾನವಾಗಿ ನಡೆದು ಬಂದರು, ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು. "ಈ ಸಲ ಚಕ್ರ ಇಳಿಸಿದೆ ತಾನೆ?" ಅಂದರು.

ಇಷ್ಟು ಬರೆಯುವಷ್ಟರಲ್ಲಿ ಕಣ್ಣು ಎಳೆಯುತ್ತಿದೆ. ಅತ್ತಿಗೆ ಈಗಷ್ಟೇ ಬಾಗಿಲಲ್ಲಿ ತಲೆ ಹಾಕಿ, "ಏನೇ, ಇವತ್ತು ಗ್ಯಾಸ್ ನೋಡೋಕೆ ಏಳಲೇ ಇಲ್ಲ?" ಅಂತ ಕೇಳಿದರು.

"ಅಪ್ಪ ಗೆರೆ ಎಳೆದಿದ್ದಾರಲ್ಲ ಅತ್ತಿಗೆ, ಇನ್ನೇನು ನೋಡೋದು?" ಅಂದೆ.